ವಿದ್ಯಾರ್ಥಿಗಳೂ ಆಜೀವ ನಾಡಸೇವೆಯೂ

(ಬೈಂದೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ವಿದ್ಯಾರ್ಥಿಗಳ ಸಭೆಯಲ್ಲಿ ಮಾತನಾಡತಕ್ಕವರು ಸಾಮಾನ್ಯವಾಗಿ ಎರಡು ಉಪದೇಶಗಳಲ್ಲಿ ಒಂದನ್ನು ಹೇಳಿ ಕುಳಿತುಕೊಳ್ಳುವುದುಂಟು. ‘ಓದುವ ಕಾಲದಲ್ಲಿ ಓದಿರಿ, ಊರ ಉಸಾಬರಿ ನಿಮಗೆ ಬೇಡ’ ಎಂಬುದು ಒಂದು. ‘ನಾಡಿನ ಭವಿಷ್ಯವೆಲ್ಲ ನಿಮ್ಮ ಕೈಯಲ್ಲಿದೆ, ಏಳಿರಿ’ ಎಂಬುದು ಇನ್ನೊಂದು. ಮೊದಲನೆಯದು ನಿಮ್ಮನ್ನು ಹಸುಳೆಗಳೆಂದು ಬಗೆಯುತ್ತದೆ; ಎರಡನೆಯದು ಈ ಹೊತ್ತು ನಿಮ್ಮನ್ನು ಹೊಗಳಿ ನಾಳೆ ಮರೆತುಬಿಡುತ್ತದೆ. ನಾನು ಇವೆರಡನ್ನೂ ಬದಿಗಿಟ್ಟು ಬೇರೊಂದು ಮಾತನ್ನು ನಿಮ್ಮ ಮುಂದಿಡಲು ಬಂದಿರುವೆನು. ನಾಡಸೇವೆಯೆಂಬುದು ವಿದ್ಯಾರ್ಥಿದೆಸೆಯಲ್ಲಿ ತೊಟ್ಟು ಬಾಳಿನ ಕೊನೆಯವರೆಗೂ ನಡೆಸತಕ್ಕ ವ್ರತ. ಪದವಿಯ ಓದು ಕೆಲವು ವರ್ಷಗಳಲ್ಲಿ ಮುಗಿಯುವುದು, ಪೌರಧರ್ಮಕ್ಕೆ ಮುಕ್ತಾಯವಿಲ್ಲ. ನನ್ನ ಮಾತಿನ ಸಾರಾಂಶವೆಲ್ಲ ಇಷ್ಟೆ. ಇದು ಬರಿಯ ಬಾಯಿಮಾತಲ್ಲವೆಂಬುದಕ್ಕೆ ಸಾಕ್ಷಿಯನ್ನು ದೂರದ ದೇಶಗಳಿಂದ ತರಬೇಕಾಗಿಲ್ಲ. ನೀವು ಕುಳಿತಿರುವ ಈ ಊರೇ ಸಾಕ್ಷಿ ಹೇಳುತ್ತದೆ.

ಗಡಿಯ ಗೆರೆ

ಒತ್ತಿನೆಣೆಯ ಗುಡ್ಡವನ್ನು ಬಳಸಿ ಶಿರೂರನ್ನು ದಾಟಿದರೆ ಭಟ್ಕಳ. ಇತ್ತ ಕೊಲ್ಲೂರಿನ ಘಟ್ಟವನ್ನು ಹತ್ತಿದರೆ ಹೊಸನಗರದ ಸೀಮೆ. ಇಂದು ನೀವು ಬಸ್ಸನ್ನೇರಿ ಹೊರಟರೆ ಎಲ್ಲಿಯೂ ತಡೆಯಿಲ್ಲದೆ ಎರಡು ಕಡೆಗೂ ಹೋಗಿ ಬರುವಿರಿ. ಹಾದಿಯಲ್ಲಿ ಯಾವ ಗೆರೆಯೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ನಿಮ್ಮ ಅಜ್ಜಂದಿರ ಕಾಲದಲ್ಲಿ ಇಲ್ಲಿ ಗೆರೆಗಳಿದ್ದವು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಕನ್ನಡ ಕರಾವಳಿಯು ಕೆನರಾ ಎಂಬ ಒಂದೇ ಜಿಲ್ಲೆಯಾಗಿ ಮದರಾಸು ಪ್ರಾಂತದ ಆಡಳಿತಕ್ಕೆ ಸೇರಿತು. 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟರು. ಹೀಗೆ ಕಚೇರಿಯಲ್ಲಿ ಕುಳಿತವರ ಲೇಖನಿಯ ಒಂದು ಗೀಟಿನಿಂದ ಭಟ್ಕಳವು ಮುಂಬಯಿಯದಾಯಿತು, ಶಿರೂರು ಬೈಂದೂರುಗಳು ಮದರಾಸಿನವಾಗಿ ಉಳಿದವು. ಘಟ್ಟದ ಮೇಲಿನದು ಮೈಸೂರು ಸಂಸ್ಥಾನ. ಒಂದೇ ಭಾಷೆಯನ್ನಾಡುವ, ಒಂದೇ ಮೂಕಾಂಬಿಕೆಯ ಜಾತ್ರೆಗೆ ನೆರೆಯುವ, ಒಬ್ಬರ ಮನೆಯಿಂದ ಒಬ್ಬರು ಹೆಣ್ಣು ತರುವ ಜನರು ಮೂರು ಸರಕಾರಗಳ ಪ್ರಜೆಗಳಾದರು. ಇಲ್ಲಿಯ ರೈತನ ಅಹವಾಲು ಮದರಾಸಿಗೆ ಹೋಗಬೇಕು, ಆಚೆಯವನದು ಮುಂಬಯಿಗೆ ಹೋಗಬೇಕು; ಆ ಎರಡೂ ಪಟ್ಟಣಗಳಲ್ಲಿ ಕನ್ನಡವನ್ನು ಕೇಳುವ ಕಿವಿಗಳು ವಿರಳ.

ಆ ಗೆರೆಯು 94 ವರ್ಷ ಬಾಳಿತು. 1956ನೆಯ ನವೆಂಬರ 1ರಂದು ಅದು ಅಳಿಸಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಅದರ ಹಳೆಯ ಹೆಸರೇ ಬಂದಿತು. ಇಂದು ಬೈಂದೂರು ಉಡುಪಿ ಜಿಲ್ಲೆಗೆ ಸೇರಿದ್ದು, 2018ರಿಂದ ತಾನೇ ಒಂದು ತಾಲೂಕಾಗಿದೆ. ಆದರೆ ಲೋಕಸಭೆಗೆ ಪ್ರತಿನಿಧಿಯನ್ನು ಕಳುಹಿಸುವಾಗ ಘಟ್ಟದ ಮೇಲಿನ ಶಿವಮೊಗ್ಗದವರೊಡನೆ ಕೂಡಿ ಮತ ಹಾಕುತ್ತದೆ. ಅಂದು ಅನ್ಯ ಸಂಸ್ಥಾನದವರೆನಿಸಿದ್ದವರು ಇಂದು ಒಂದೇ ಕ್ಷೇತ್ರದ ಮತದಾರರು! ಇದನ್ನು ಯಾವ ದೊರೆಯೂ ದಯಪಾಲಿಸಲಿಲ್ಲ. ಹಾಗಾದರೆ ಆ ಗೆರೆಯನ್ನು ಅಳಿಸಿದವರು ಯಾರು?

ಅರುವತ್ತಾರು ವರ್ಷದ ತಪಸ್ಸು

ಲೆಕ್ಕವನ್ನು ನೋಡಿರಿ. ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರು ಮುಂತಾದವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದ್ದು 1890ರಲ್ಲಿ. ಅಲ್ಲಿಂದ ಏಕೀಕರಣದವರೆಗೆ 66 ವರ್ಷ. ಆ ಸಂಘವು ಹುಟ್ಟಿದಾಗ ಆಲೂರ ವೆಂಕಟರಾಯರು ಹತ್ತು ವರ್ಷದ ಬಾಲಕ. ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು, ವಕೀಲರಾದರು, ಆ ವೃತ್ತಿಯನ್ನು ಬಿಟ್ಟು ನಾಡಿನ ಕೆಲಸಕ್ಕೆ ನಿಂತರು. 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ, ತಾನಾರೆಂಬುದನ್ನು ಮರೆತಿದ್ದ ಜನಕ್ಕೆ ಅದರ ಹೆಸರನ್ನು ನೆನಪಿಸಿದರು. ನಾಡು ಒಂದಾದ ದಿನ ಅವರಿಗೆ 76 ವರ್ಷ. ಕಾಲೇಜಿನ ತಾರುಣ್ಯದಲ್ಲಿ ಮನಸ್ಸಿಗೆ ಹತ್ತಿದ ಕಿಡಿಯನ್ನು ಅರ್ಧ ಶತಮಾನ ಆರಗೊಡದೆ ಕಾಪಾಡಿಕೊಂಡು ಬರುವುದೆಂದರೆ ಸಣ್ಣ ಮಾತೇ?

1920ರ ನಾಗಪುರದ ಕಾಂಗ್ರೆಸ್ಸಿಗೆ ಕನ್ನಡ ನಾಡಿನಿಂದ ಸುಮಾರು 800 ಮಂದಿ ಪ್ರತಿನಿಧಿಗಳು ಹೋದರು. ಕರ್ನಾಟಕಕ್ಕೆ ಬೇರೆ ಪ್ರಾಂತಿಕ ಸಮಿತಿ ದೊರಕಿತು. ಅಂದಿನ ಉತ್ಸಾಹವನ್ನು ಕಂಡವರು ನಾಳೆಯೇ ನಾಡು ಒಂದಾಗುವುದೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ; ಆದರೆ ಆ ‘ನಾಳೆ’ಗೆ ಇನ್ನೂ 36 ವರ್ಷ ಕಾಯಬೇಕಾಯಿತು. ಉತ್ಸಾಹದಿಂದ ಹೋದ ಆ 800 ಮಂದಿಯೂ ಊರಿಗೆ ಮರಳಿ ಸುಮ್ಮನೆ ಕುಳಿತಿದ್ದರೆ ಏನಾಗುತ್ತಿತ್ತೆಂಬುದನ್ನು ನೀವೇ ಊಹಿಸಿರಿ. ಅವರಲ್ಲಿ ಅನೇಕರು ಶಾಲೆ ತೆರೆದರು, ಪತ್ರಿಕೆ ನಡೆಸಿದರು, ಖಾದಿ ಹೊತ್ತು ಮಾರಿದರು, ಸೆರೆಮನೆಗೆ ಹೋದರು, ಹೊರಗೆ ಬಂದು ಮತ್ತೆ ಅದೇ ಶಾಲೆಯ ಬಾಗಿಲನ್ನು ತೆರೆದರು.

ಡಾಕ್ಟರ ನಾ. ಸು. ಹರ್ಡೀಕರರು ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗ ಲಾಲಾ ಲಜಪತರಾಯರ ಕೆಲಸದಲ್ಲಿ ನೆರವಾದವರು. ಓದು ಮುಗಿಸಿ ಬಂದವರು 1923ರಲ್ಲಿ ಹಿಂದುಸ್ತಾನೀ ಸೇವಾದಳವನ್ನು ಕಟ್ಟಿದರು. ಮರುವರ್ಷ, ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸು ಸೇರಿದಾಗ ಅದರ ವ್ಯವಸ್ಥೆಗೆ ಹೆಗಲು ಕೊಟ್ಟದ್ದು ಆ ದಳದ ತರುಣರು. ಅಲ್ಲಿ ಸ್ತ್ರೀಯರ ಪಡೆಯನ್ನು ಕಟ್ಟಿ ನಡೆಸಿದವರು ಯಾರು ಗೊತ್ತೆ? ನಿಮ್ಮ ನೆರೆಯೂರಿನ ಹೆಸರನ್ನು ಹೊತ್ತ ಉಮಾಬಾಯಿ ಕುಂದಾಪುರ ಅವರು. ಮಂಗಳೂರಿನಲ್ಲಿ 1892ರಲ್ಲಿ ಹುಟ್ಟಿದ ಆ ತಾಯಿ ಮದುವೆಯಾದ ಮೇಲೆ ಮಾವನವರ ಪ್ರೋತ್ಸಾಹದಿಂದ ಓದು ಮುಂದುವರಿಸಿದರು. ತಾರುಣ್ಯದಲ್ಲಿಯೇ ಪತಿಯನ್ನು ಕಳೆದುಕೊಂಡರು. ಅಂದಿನ ಸಮಾಜವು ವಿಧವೆಗೆ ಒಂದು ಮೂಲೆಯನ್ನು ತೋರಿಸುತ್ತಿತ್ತು. ಅವರು ಮೂಲೆ ಸೇರಲಿಲ್ಲ. ಹುಬ್ಬಳ್ಳಿಯಲ್ಲಿ ಭಗಿನೀ ಮಂಡಳವನ್ನು ಕಟ್ಟಿದರು, ಬೆಳಗಾವಿಗೆ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕರೆತಂದರು, 1932ರಲ್ಲಿ ಸೆರೆಮನೆ ಕಂಡರು. ಸ್ವರಾಜ್ಯ ಬಂದ ಬಳಿಕ ಪದವಿಯನ್ನಾಗಲಿ ಪಿಂಚಣಿಯನ್ನಾಗಲಿ ಬಯಸದೆ, 1992ರಲ್ಲಿ ಕಣ್ಣು ಮುಚ್ಚುವವರೆಗೂ ಸೇವೆಯ ಸರಳ ಬಾಳನ್ನು ಬಾಳಿದರು. ಈ ಸಭೆಯಲ್ಲಿ ಕುಳಿತಿರುವ ಸೋದರಿಯರು ಈ ಹೆಸರನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು.

ಆರಂಭಶೂರತ್ವ

ಈಗ ನಮ್ಮ ಕಡೆಗೆ ತಿರುಗೋಣ. ಇಂದಿನ ತರುಣರಲ್ಲಿ ಸೇವಾಬುದ್ಧಿಯೇ ಇಲ್ಲವೆಂದು ದೂರುವವರ ಗುಂಪಿಗೆ ನಾನು ಸೇರಿದವನಲ್ಲ. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಡನೆ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಇಂದು ದೇಶದ ಮೂಲೆಮೂಲೆಗಳಲ್ಲಿಯೂ ಇದೆ. ಅದರ ಶಿಬಿರಗಳಲ್ಲಿ ನೀವು ಚರಂಡಿ ಬಗೆದಿರಬಹುದು, ಸಸಿ ನೆಟ್ಟಿರಬಹುದು, ಕಡಲ ದಂಡೆಯ ಕಸವನ್ನು ಹೆಕ್ಕಿರಬಹುದು. ಒಳ್ಳೆಯದು. ಆದರೆ ಆ ಯೋಜನೆಯ ನಿಯಮವನ್ನು ನೆನೆದುಕೊಳ್ಳಿರಿ: ಎರಡು ವರ್ಷಗಳಲ್ಲಿ 240 ಗಂಟೆ, ಜೊತೆಗೆ ಏಳು ದಿನದ ಒಂದು ಶಿಬಿರ. 240 ಗಂಟೆಯೆಂದರೆ ಹಗಲು ರಾತ್ರಿ ಸೇರಿ ಹತ್ತು ದಿನ. ಹತ್ತು ದಿನದ ಸೇವೆಗೆ ಪ್ರಮಾಣಪತ್ರವನ್ನು ಪಡೆದು, ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಉಳಿದ ಅರುವತ್ತು ವರ್ಷ ‘ನನ್ನ ಪಾಲಿನದು ಮುಗಿಯಿತು’ ಎಂದುಕೊಳ್ಳುವುದಾದರೆ, ಆ ಪತ್ರಕ್ಕೆ ಬೆಲೆಯೇನು? ನೆಟ್ಟ ಸಸಿಗೆ ಎರಡನೆಯ ಬೇಸಗೆಯಲ್ಲಿ ನೀರು ಹಾಕಿದವರಾರೆಂದು ಯಾರೂ ಕೇಳುವುದಿಲ್ಲ. ನಮ್ಮ ಹಿರಿಯರು ಇದಕ್ಕೆ ‘ಆರಂಭಶೂರತ್ವ’ವೆಂದು ಹೆಸರಿಟ್ಟರು.

ಈ ಶೂರತ್ವವು ಏತಕ್ಕೆ ಅರ್ಧದಲ್ಲಿಯೇ ಇಂಗಿಹೋಗುತ್ತದೆ? ನನಗೆ ಮೂರು ಕಾರಣಗಳು ತೋರುತ್ತವೆ.

ಮೊದಲನೆಯದು, ಸೇವೆಯನ್ನು ಪಾಠಕ್ರಮದ ಒಂದು ಅಂಗವೆಂದು ಎಣಿಸುವುದು. ಅಂಕ ಬಂದರೆ ವಿಷಯ ಮುಗಿಯಿತು. ಇದಕ್ಕೆ ಮದ್ದು ನಿಮ್ಮ ಕೈಯಲ್ಲಿಯೇ ಇದೆ. ಅದನ್ನು ಮುಂದೆ ಹೇಳುವೆನು.

ಎರಡನೆಯದು, ಊರು ಬಿಡುವುದು. ಇದು ನಮ್ಮ ಕರಾವಳಿಗೆ ಹೊಸದಲ್ಲ. ಕುಂದಾಪುರದಲ್ಲಿ ಭಂಡಾರ್ಕರ್ಸ್ ಕಾಲೇಜು ಆರಂಭವಾದದ್ದು 1963ರಲ್ಲಿ. ಅದಕ್ಕೆ ಮುನ್ನ ಇಲ್ಲಿಯ ಹುಡುಗನಿಗೆ ಕಾಲೇಜಿನ ಓದು ಬೇಕಾದರೆ ದೂರದ ಊರಿಗೆ ಹೋಗಬೇಕಿತ್ತು. ಓದದವರು ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋದರು. ಇಂದು ಬೆಂಗಳೂರಿಗೆ, ಕೊಲ್ಲಿಯ ದೇಶಗಳಿಗೆ ಹೋಗುತ್ತಾರೆ. ಹೋಗಬೇಡಿರೆಂದು ನಾನು ಹೇಳಲಾರೆ. ಹಸಿದ ಹೊಟ್ಟೆಗೆ ದೇಶಭಕ್ತಿಯ ಉಪದೇಶ ಸಲ್ಲದು. ಆದರೆ ಊರು ಬಿಟ್ಟವರು ನಾಡನ್ನು ಬಿಡಬೇಕಾಗಿಲ್ಲವೆಂಬುದನ್ನು ನಮ್ಮವರೇ ತೋರಿಸಿಕೊಟ್ಟಿರುವರು. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು ತಿಂಡಿ ಬಡಿಸಿದ ನಮ್ಮ ಹುಡುಗರು ರಾತ್ರಿ ಕನ್ನಡ ಶಾಲೆಗಳ ಬೆಂಚಿನ ಮೇಲೆ ಕುಳಿತು ಓದಿದರು. ಆ ರಾತ್ರಿಶಾಲೆಗಳನ್ನು ನಡೆಸಿದವರು ತಾವೂ ಊರು ಬಿಟ್ಟು ಬಂದು ದುಡಿಯುತ್ತಿದ್ದ ಕನ್ನಡಿಗರೇ. ಕಡಲ ಮಕ್ಕಳು 1902ರಷ್ಟು ಹಿಂದೆಯೇ ಅಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡರು. ಅವರಿಗೆ ಬಿಡುವಿತ್ತೆ? ಹಣವಿತ್ತೆ? ಎರಡೂ ಇರಲಿಲ್ಲ, ‘ನಮ್ಮವರು’ ಎಂಬ ಒಂದು ಭಾವನೆಯಿತ್ತು. ಕೈಯಲ್ಲಿ ದೂರವಾಣಿಯನ್ನು ಹಿಡಿದು ಕ್ಷಣದಲ್ಲಿ ಊರಿನೊಡನೆ ಮಾತನಾಡಬಲ್ಲ ನಿಮಗೆ ದೂರವು ನೆಪವಾಗಲಾರದು.

ಮೂರನೆಯ ಕಾರಣವು ಎಲ್ಲಕ್ಕಿಂತ ಕಠಿನವಾದುದು: ಸಾರ್ವಜನಿಕ ಜೀವನವೆಂದರೆ ಪಕ್ಷಗಳ ಕೆಸರೆಂಬ ಜುಗುಪ್ಸೆ. ‘ಅಲ್ಲಿಗೆ ಇಳಿದರೆ ಬಟ್ಟೆ ಹೊಲಸಾಗುತ್ತದೆ’ ಎಂದು ಸಜ್ಜನರು ದಡದಲ್ಲಿ ನಿಲ್ಲುತ್ತಾರೆ. ಕೆಸರಿದೆಯೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಪಕ್ಷದ ಬಾಲವಾಗದೆ, ಹುದ್ದೆಗೆ ಹಂಬಲಿಸದೆ ಕೊನೆಯುಸಿರಿನವರೆಗೆ ನಾಡಿನ ಕೆಲಸ ಮಾಡುವುದು ಅಸಾಧ್ಯವೆಂಬುದನ್ನು ಮಾತ್ರ ಒಪ್ಪಲಾರೆ. ಏಕೆಂದರೆ ಅಂತಹವರು ನಮ್ಮ ಕಣ್ಣೆದುರಿಗೇ ಬಾಳಿ ಹೋಗಿರುವರು.

ಕಣ್ಣೆದುರಿನ ಬಾಳುಗಳು

ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಓದನ್ನು ತೊರೆದರು. ಹಾಗೆ ಅಂದು ಕಾಲೇಜು ಬಿಟ್ಟವರು ದೇಶದಲ್ಲಿ ಸಹಸ್ರಾರು ಮಂದಿ. ಅವರಲ್ಲಿ ಬಹುಜನರು ಕಾಲಾಂತರದಲ್ಲಿ ಮನೆ ಸೇರಿದರು. ಕಾರಂತರು ಮಾತ್ರ ‘ವಸಂತ’ವೆಂಬ ಪತ್ರಿಕೆ ನಡೆಸಿದರು, ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದರು, ಯಕ್ಷಗಾನದ ಏಳಿಗೆಗೆ ದುಡಿದರು. ತುರ್ತುಪರಿಸ್ಥಿತಿ ಬಂದಾಗ ಸರಕಾರವು ಕೊಟ್ಟ ಪದ್ಮಭೂಷಣವನ್ನು ಹಿಂದಿರುಗಿಸಿದರು. ಜ್ಞಾನಪೀಠ ಪ್ರಶಸ್ತಿಯನ್ನು ಪಡೆದು, ಇನ್ನೇನೂ ಪಡೆಯತಕ್ಕದ್ದು ಉಳಿಯದ ಮುಪ್ಪಿನಲ್ಲಿ, ಕೈಗಾದ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಯ ಚುನಾವಣೆಗೆ ನಿಂತರು. ಆಗ ಅವರಿಗೆ 87 ವರ್ಷ! ಸೋತರು. ಅಣುಸ್ಥಾವರವೂ ಎದ್ದಿತು. ಅವರ ಅಭಿಪ್ರಾಯ ಸರಿಯೇ ತಪ್ಪೇ ಎಂಬುದನ್ನು ನೀವು ಓದಿ ವಿಚಾರಿಸಿ ನಿರ್ಣಯಿಸಿಕೊಳ್ಳಿರಿ. ನಾನು ತೋರಿಸುವುದು ಅವರ ವಯಸ್ಸನ್ನು. ಇಪ್ಪತ್ತರ ತರುಣನು ನಾಡಿಗಾಗಿ ಎದ್ದು ನಿಂತದ್ದು ದೊಡ್ಡದೇ. ಎಂಬತ್ತೇಳರಲ್ಲಿಯೂ ಅವನು ನಿಂತೇ ಇದ್ದನೆಂಬುದು ಅದಕ್ಕಿಂತ ದೊಡ್ಡದು.

ಎಚ್. ನರಸಿಂಹಯ್ಯನವರು ಬೆಂಗಳೂರಿನಲ್ಲಿ ವಿಜ್ಞಾನ ವಿದ್ಯಾರ್ಥಿಯಾಗಿದ್ದಾಗ 1942ರ ಚಳವಳಿಗೆ ಧುಮುಕಿ ಸೆರೆಮನೆ ಸೇರಿದರು. ಬಿಡುಗಡೆಯಾದ ಮೇಲೆ ಬಿಟ್ಟ ಓದನ್ನು ಮುಗಿಸಿದರು, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದರು, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯೇ ಅವರ ಮನೆ. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ತೆರೆದು, ಜನಸಾಮಾನ್ಯರು ಪ್ರಶ್ನಿಸಲು ಕಲಿಯಬೇಕೆಂದು 2005ರಲ್ಲಿ ತೀರಿಕೊಳ್ಳುವವರೆಗೂ ಶ್ರಮಿಸಿದರು. ಎಚ್. ಎಸ್. ದೊರೆಸ್ವಾಮಿಯವರು 1918ರಲ್ಲಿ ಹುಟ್ಟಿದವರು. ಉಪಾಧ್ಯಾಯರಾಗಿದ್ದು 1942ರ ಚಳವಳಿಯಲ್ಲಿ ಸೆರೆಮನೆ ಕಂಡರು, ‘ಪೌರವಾಣಿ’ಯೆಂಬ ಪತ್ರಿಕೆ ನಡೆಸಿದರು, ಏಕೀಕರಣಕ್ಕಾಗಿ ದುಡಿದರು. ನೂರು ವರ್ಷ ದಾಟಿದ ಮೇಲೆಯೂ ಭೂಗಳ್ಳರ ವಿರುದ್ಧ, ಭೂಮಿಯಿಲ್ಲದವರ ಪರವಾಗಿ ಧರಣಿಯಲ್ಲಿ ಬಂದು ಕೂಡುತ್ತಿದ್ದರು. 2021ರಲ್ಲಿ ಅವರು ತೀರಿಕೊಂಡಾಗ ವಯಸ್ಸು 103. ಈ ಮೂವರಲ್ಲಿ ಯಾರೂ ಮಂತ್ರಿಗಳಾಗಲಿಲ್ಲ. ಅವರ ಬಟ್ಟೆಗೆ ಕೆಸರು ಹತ್ತಲಿಲ್ಲ.

ಕಟ್ಟವೂ ಹಲಗೆಯೂ

‘ಆ ಮಹನೀಯರೆಲ್ಲಿ, ನಾವೆಲ್ಲಿ?’ ಎಂದು ನೀವು ಕೇಳಬಹುದು. ಕೇಳತಕ್ಕದ್ದೇ. ಆದುದರಿಂದ ಮಹನೀಯರನ್ನು ಬಿಟ್ಟು ನಿಮ್ಮ ಗದ್ದೆಯ ಬದಿಗೆ ಬರುವೆನು.

ಮಳೆಗಾಲ ಮುಗಿದು ತೊರೆಯ ನೀರು ಇಳಿಯತೊಡಗಿದಾಗ ಈ ಸೀಮೆಯ ರೈತರು ಕೂಡಿ ಅದಕ್ಕೆ ಅಡ್ಡಲಾಗಿ ಕಲ್ಲು ಮಣ್ಣು ಗೂಟಗಳಿಂದ ಕಟ್ಟವನ್ನು ಕಟ್ಟುತ್ತಿದ್ದರು. ಆ ಕಟ್ಟದ ನೀರಿನಿಂದ ಸುಗ್ಗಿಯ ಬೆಳೆ ಬೆಳೆಯುತ್ತಿತ್ತು, ತೋಟ ಹಸುರಾಗಿರುತ್ತಿತ್ತು, ಸುತ್ತಲಿನ ಬಾವಿಗಳು ಬೇಸಗೆಯಲ್ಲಿ ಬತ್ತುತ್ತಿರಲಿಲ್ಲ. ಮುಂದಿನ ಮಳೆಗೆ ಕಟ್ಟವು ಕೊಚ್ಚಿಹೋಗುತ್ತಿತ್ತು. ಮತ್ತೆ ಕಟ್ಟುತ್ತಿದ್ದರು. ‘ಕಳೆದ ವರ್ಷ ಕಟ್ಟಿದೆವಲ್ಲ’ ಎಂದು ಯಾರೂ ಮನೆಯಲ್ಲಿ ಕುಳಿತುಕೊಳ್ಳುತ್ತಿರಲಿಲ್ಲ. ಕುಳಿತ ವರ್ಷ ಬೆಳೆಯಿಲ್ಲ. ಕಾಲ ಕಳೆದಂತೆ ಕೂಡಿ ದುಡಿಯುವವರು ಕಡಮೆಯಾದರು. ಎಷ್ಟೋ ಕಟ್ಟಗಳು ಹೆಸರಿಗೆ ಮಾತ್ರ ಉಳಿದವು. ಆಮೇಲೆ ಸರಕಾರವು ಸಿಮೆಂಟಿನ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿಸಿಕೊಟ್ಟಿತು. ಅವು ಮಳೆಗೆ ಕೊಚ್ಚಿಹೋಗುವುದಿಲ್ಲ. ಆದರೆ, ಬಂಧುಗಳೆ, ಕಿಂಡಿ ಅಣೆಕಟ್ಟು ತನ್ನಷ್ಟಕ್ಕೆ ತಾನು ನೀರನ್ನು ಹಿಡಿಯುವುದೆ? ಮಳೆ ಹಿಂದೆಗೆದ ಕೂಡಲೆ ಯಾರಾದರೂ ಹೋಗಿ ಕಿಂಡಿಗಳಿಗೆ ಹಲಗೆಗಳನ್ನು ಇಡಬೇಕು. ಮಳೆ ಬರುವ ಮುನ್ನ ತೆಗೆದಿರಿಸಬೇಕು. ಹಲಗೆ ಇಡುವುದು ತಡವಾದರೆ ಸಿಹಿನೀರು ಕಡಲಿಗೆ ಹರಿದುಹೋಗುವುದು. ಕಡಲ ಬದಿಯಾದರೆ ಉಪ್ಪುನೀರು ಗದ್ದೆಗೆ ನುಗ್ಗುವುದು. ಹಲಗೆ ಇಡದ ಅಣೆಕಟ್ಟು ನೋಡಲು ಅಣೆಕಟ್ಟೇ. ಹಿಡಿಯುವುದು ಮಾತ್ರ ಏನೂ ಇಲ್ಲ.

ನಮ್ಮ ಪ್ರಜಾರಾಜ್ಯವೂ ಇಂತಹದೇ. ಹಿರಿಯರು ಸಂವಿಧಾನವನ್ನು ಕೊಟ್ಟರು, ನಾಡನ್ನು ಒಂದುಗೂಡಿಸಿದರು, 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು, 1993ರಲ್ಲಿ ಪಂಚಾಯತಿಗಳಿಗೆ ಸಂವಿಧಾನದ ಬಲ ಬಂದಿತು, 2005ರಲ್ಲಿ ಮಾಹಿತಿ ಹಕ್ಕಿನ ಕಾಯಿದೆಯಾಯಿತು. ಅಣೆಕಟ್ಟು ಗಟ್ಟಿಯಾಗಿಯೇ ಇದೆ. ಹಲಗೆಗಳು ಎಲ್ಲಿ? ಹಲಗೆಗಳೆಂದರೆ ನೀವು. ವರ್ಷವರ್ಷವೂ, ಹೊತ್ತಿಗೆ ಸರಿಯಾಗಿ, ಯಾರೂ ಹೊಗಳದಿದ್ದರೂ ಹೋಗಿ ನಿಲ್ಲತಕ್ಕ ಸಾಮಾನ್ಯ ಪೌರರು. ನಿಮ್ಮ ಸೀಮೆಯ ಮೊಗೇರಿಯಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು 1948ರಲ್ಲಿ ತಮ್ಮ ಕವನಸಂಗ್ರಹಕ್ಕೆ ‘ಕಟ್ಟುವೆವು ನಾವು’ ಎಂದು ಹೆಸರಿಟ್ಟರು. ‘ಕಟ್ಟಿದೆವು’ ಎಂದಲ್ಲವೆಂಬುದನ್ನು ಗಮನಿಸಿರಿ.

ಮಾಡತಕ್ಕದ್ದೇನು?

ಹಾಗಾದರೆ ಮಾಡತಕ್ಕದ್ದೇನು? ನಾಲ್ಕೇ ಸಂಗತಿಗಳನ್ನು ಹೇಳುವೆನು. ನಾಲ್ಕೂ ನಾಳೆಯೇ ಆರಂಭಿಸಬಹುದಾದವು.

ಒಂದು: 18 ತುಂಬಿದವರು ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೆ ನೋಡಿರಿ, ನಿಮ್ಮ ಬೀದಿಯ ಮುದುಕಿಯ ಹೆಸರೂ ಇದೆಯೆ ನೋಡಿರಿ. ಊರು ಬದಲಾಯಿಸಿದಾಗಲೆಲ್ಲ ಹೆಸರನ್ನೂ ಬದಲಾಯಿಸಿಕೊಳ್ಳಿರಿ. ಪೌರಧರ್ಮದ ಅಕ್ಷರಾಭ್ಯಾಸವಿದು.

ಎರಡು: ಗ್ರಾಮಸಭೆಗೆ ಹೋಗಿರಿ. ಹಳ್ಳಿಯ ಮತದಾರರೆಲ್ಲರೂ ಅದರ ಸದಸ್ಯರು; ಅದು ಆರು ತಿಂಗಳಿಗೊಮ್ಮೆಯಾದರೂ ಕೂಡತಕ್ಕದ್ದೆಂದು ಕಾನೂನು ಹೇಳುತ್ತದೆ. ಮೊದಲ ಸಲ ಬಾಯಿ ತೆರೆಯದೆ ಕುಳಿತು ಕೇಳಿರಿ. ಎರಡನೆಯ ಸಲ ಒಂದು ಪ್ರಶ್ನೆ ಕೇಳಿರಿ. ಮೂರನೆಯ ಸಲ ನಿಮ್ಮ ಪ್ರಶ್ನೆಗೆ ಏನಾಯಿತೆಂದು ಕೇಳಿರಿ. ಈ ಮೂರನೆಯ ಸಲವೇ ಮುಖ್ಯವಾದುದು. ನಮ್ಮಲ್ಲಿ ಪ್ರಶ್ನೆ ಕೇಳುವವರಿಗೆ ಬರವಿಲ್ಲ, ಮತ್ತೆ ಬಂದು ಕೇಳುವವರಿಗೆ ಬರ. 21 ತುಂಬಿದ ಮೇಲೆ ಪಂಚಾಯತಿಯ ಚುನಾವಣೆಗೆ ನಿಲ್ಲಲೂಬಹುದು. ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧ ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಆ ಸ್ಥಾನದಲ್ಲಿ ಕುಳಿತವರ ಪರವಾಗಿ ಮನೆಯ ಗಂಡಸರು ಆಡಳಿತ ನಡೆಸುವ ನಗೆಗೇಡು ತೊಲಗಬೇಕಾದರೆ ಓದಿದ ಹೆಣ್ಣುಮಕ್ಕಳು ಮುಂದೆ ಬರತಕ್ಕದ್ದು.

ಮೂರು: ಕೋಪಗೊಳ್ಳುವ ಮುನ್ನ ತಿಳಿದುಕೊಳ್ಳಿರಿ. ರಸ್ತೆಗೆ ಎಷ್ಟು ಹಣ ಬಂದಿತು, ಎಷ್ಟು ವೆಚ್ಚವಾಯಿತೆಂಬುದನ್ನು ಹತ್ತು ರೂಪಾಯಿಯ ಅರ್ಜಿಯಿಂದ ಕೇಳಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡತಕ್ಕದ್ದೆಂದು ವಿಧಿಯಿದೆ. ಬೀದಿಯಲ್ಲಿ ನಿಂತು ನೂರು ಮಂದಿ ಕೂಗುವುದಕ್ಕಿಂತ, ಲೆಕ್ಕದ ಹಾಳೆಯನ್ನು ಕೈಯಲ್ಲಿ ಹಿಡಿದ ಒಬ್ಬನ ಮೆಲುದನಿಗೆ ಕಚೇರಿಯಲ್ಲಿ ಹೆಚ್ಚು ಬೆಲೆ.

ನಾಲ್ಕು: ಒಂದೇ ಒಂದು ಕೆಲಸವನ್ನು ನಿಮ್ಮದಾಗಿ ಮಾಡಿಕೊಳ್ಳಿರಿ. ಊರಿನ ಕನ್ನಡ ಶಾಲೆಯಾಗಬಹುದು, ಪಂಚಾಯತಿಯ ಗ್ರಂಥಾಲಯವಾಗಬಹುದು, ಒಂದು ಕೆರೆಯಾಗಬಹುದು, ಮೇಲೆ ಹೇಳಿದ ಅಣೆಕಟ್ಟಿನ ಹಲಗೆಗಳೇ ಆಗಬಹುದು. ಹತ್ತು ಕೆಲಸಗಳನ್ನು ಒಂದು ವರ್ಷ ಮಾಡುವವನಿಗಿಂತ ಒಂದು ಕೆಲಸವನ್ನು ಹತ್ತು ವರ್ಷ ಮಾಡುವವನಿಂದ ಊರಿಗೆ ಹೆಚ್ಚಿನ ಲಾಭ.

ಬಿಡುವಿಲ್ಲವೆನ್ನುವಿರಾ? ಇದಕ್ಕೂ ನಮ್ಮ ಜಿಲ್ಲೆಯಲ್ಲಿಯೇ ಉತ್ತರವಿದೆ. ಟಿ. ಎಂ. ಎ. ಪೈಗಳು ಮುಂತಾದವರು 1925ರಲ್ಲಿ ಉಡುಪಿಯಲ್ಲಿ ತೆರೆದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಬ್ಯಾಂಕಿನವನೇ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದನು. ಬಡವನಿಂದ ಒಮ್ಮೆಗೇ ನೂರು ರೂಪಾಯಿ ಉಳಿಸುವುದಾಗದು. ದಿನಕ್ಕೆ ಎರಡಾಣೆ ಆಗುವುದು. ಹನಿಗೂಡಿ ಹಳ್ಳವಾಯಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಬೆರೆತುಹೋದರೂ ಅದು ಕಲಿಸಿದ ಪಾಠ ಉಳಿದಿದೆ. ನಾಡಸೇವೆಯಲ್ಲಿಯೂ ಪಿಗ್ಮಿಯ ಲೆಕ್ಕವನ್ನೇ ಇಡಿರಿ. ವಾರಕ್ಕೆ ಎರಡು ಗಂಟೆ. ವರ್ಷಕ್ಕೆ 104 ಗಂಟೆಯಾಯಿತು. ನಲವತ್ತು ವರ್ಷಕ್ಕೆ 4,160. ಕಾಲೇಜಿನ 240 ಗಂಟೆಗಳೆಲ್ಲಿ, ಇದೆಲ್ಲಿ! ಇದಕ್ಕಾಗಿ ಉದ್ಯೋಗವನ್ನು ಬಿಡಬೇಕಾಗಿಲ್ಲ, ಸಂಸಾರವನ್ನು ತೊರೆಯಬೇಕಾಗಿಲ್ಲ, ಸೆರೆಮನೆಗೂ ಹೋಗಬೇಕಾಗಿಲ್ಲ.

ಸೋಲನ್ನು ಕುರಿತು

ಇನ್ನೊಂದು ಮಾತನ್ನು ಹೇಳದೆ ಮುಗಿಸಿದರೆ ನಿಮಗೆ ವಂಚನೆ ಮಾಡಿದಂತಾದೀತು. ಬಾಳೆಲ್ಲ ದುಡಿದರೂ ಫಲವು ಕೈಗೆ ಬರುವುದೆಂಬ ಭರವಸೆಯಿಲ್ಲ. 1956ರಲ್ಲಿ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಉತ್ತರದ ತುದಿಯಾದ ನೀವು ಕನ್ನಡ ರಾಜ್ಯಕ್ಕೆ ಸೇರಿದಿರಿ. ಅದೇ ದಿನ ಅದೇ ಜಿಲ್ಲೆಯ ದಕ್ಷಿಣದ ತುದಿಯಾದ ಕಾಸರಗೋಡು ಕೇರಳಕ್ಕೆ ಹೋಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅಲ್ಲಿಯ ಶಾಲೆಯ ಉಪಾಧ್ಯಾಯರು. ಸ್ವಾತಂತ್ರ್ಯಕ್ಕಾಗಿ ದುಡಿದ ಅವರು ಆಮೇಲೆ ಕಾಸರಗೋಡಿಗಾಗಿ ದುಡಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಕರ್ನಾಟಕಕ್ಕೆ ಸೇರತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ವರದಿಯಿತ್ತಿತು. ವರದಿಯು ಜಾರಿಗೆ ಬರಲಿಲ್ಲ. 2015ರಲ್ಲಿ ನೂರು ವರ್ಷ ತುಂಬಿದ ಕಯ್ಯಾರರು ಕಣ್ಮುಚ್ಚುವವರೆಗೂ ಅದು ಈಡೇರಲಿಲ್ಲ. ಹಾಗಾದರೆ ಅವರ ಬಾಳು ವ್ಯರ್ಥವೇ? ಕಾಸರಗೋಡಿನಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ, ಕನ್ನಡದಲ್ಲಿ ಬರೆಯುವ ಓದುವ ಮಕ್ಕಳಿರುವರು. ಗಡಿಯನ್ನು ಗೆಲ್ಲದಿದ್ದರೂ ಅವರಂತಹ ಉಪಾಧ್ಯಾಯರು ನುಡಿಯನ್ನು ಕಾದರು. ಗೆಲುವೇ ಸೇವೆಯ ಕೂಲಿಯೆಂದು ಎಣಿಸಿದವನು ಮೊದಲ ಸೋಲಿಗೆ ಮನೆ ಸೇರುವನು. ಸೇವೆಯು ತನ್ನ ಧರ್ಮವೆಂದು ಬಗೆದವನು ಸೋತ ಮರುದಿನವೂ ಕೆಲಸಕ್ಕೆ ಬರುವನು.

ಗುರುಜನರಲ್ಲಿ ವಿಜ್ಞಾಪನೆ

ಉಪಾಧ್ಯಾಯ ಮಹಾಶಯರಲ್ಲಿ ಎರಡು ಮಾತು. ವಿದ್ಯಾರ್ಥಿಗಳಿಗೆ ಸಂವಿಧಾನದ ಕಲಮುಗಳನ್ನು ಬಾಯಿಪಾಠ ಮಾಡಿಸಿದರೆ ಪೌರನೀತಿಯ ಶಿಕ್ಷಣವಾಗದು. ವರ್ಷಕ್ಕೊಮ್ಮೆಯಾದರೂ ಅವರನ್ನು ಗ್ರಾಮಸಭೆಗೆ ಕರೆದೊಯ್ಯಿರಿ. ಪಂಚಾಯತಿಯ ಆಯವ್ಯಯ ಪಟ್ಟಿಯನ್ನು ತರಗತಿಯಲ್ಲಿ ಓದಿಸಿರಿ. ಅರ್ಜಿಯೊಂದನ್ನು ಕಾಗುಣಿತ ತಪ್ಪಿಲ್ಲದೆ, ಬೈಗುಳವಿಲ್ಲದೆ ಕನ್ನಡದಲ್ಲಿ ಬರೆಯಲು ಕಲಿಸಿರಿ. ನಿಮ್ಮ ಕಾಲೇಜಿನಿಂದ ಹೊರಬಿದ್ದವರ ಹೆಸರುಗಳನ್ನು ಬರೆದಿಟ್ಟು, ಐದು ವರ್ಷದ ಮೇಲೆ ‘ನಿನ್ನ ಆ ಕೆಲಸ ಎಲ್ಲಿಗೆ ಬಂದಿತಪ್ಪಾ?’ ಎಂದು ಒಂದು ಕಾಗದ ಹಾಕಿರಿ. ಗುರುಗಳ ಆ ಒಂದು ಪ್ರಶ್ನೆಗೆ ಅಂಜಿಯಾದರೂ ಎಷ್ಟೋ ಮಂದಿ ಕೈಬಿಟ್ಟ ಕೆಲಸವನ್ನು ಮತ್ತೆ ಹಿಡಿದಾರು. ಎಲ್ಲಕ್ಕಿಂತ ಮಿಗಿಲಾಗಿ, ಅವರೆದುರಿಗೆ ನೀವೂ ಒಂದು ಕೆಲಸವನ್ನು ಹಿಡಿದು ನಡೆಸಿರಿ. ವಿದ್ಯಾರ್ಥಿಯು ಗುರುವಿನ ಮಾತಿಗಿಂತ ಗುರುವಿನ ನಡತೆಯನ್ನು ಬೇಗ ಕಲಿಯುತ್ತಾನೆ.

ವಿದ್ಯಾರ್ಥಿ ಬಂಧುಗಳೆ, ನಿಮ್ಮ ಹಿರಿಯರು ನೆಲದ ಮೇಲಿನ ಗೆರೆಯನ್ನು ಅಳಿಸಿದರು. ಆದರೆ ‘ನನ್ನ ಮನೆ’ ಮತ್ತು ‘ನಮ್ಮ ಊರು’ ಎಂಬೆರಡರ ನಡುವೆ ಮನಸ್ಸಿನೊಳಗೆ ಎಳೆದುಕೊಂಡ ಗೆರೆಯೊಂದು ಇನ್ನೂ ಉಳಿದಿದೆ. ಅದನ್ನು ಯಾವ ಆಯೋಗವೂ ಅಳಿಸಲಾರದು, ಯಾವ ಶಾಸನಸಭೆಯೂ ಅಳಿಸಲಾರದು. ಪ್ರತಿಯೊಬ್ಬನೂ ತನ್ನ ಕೈಯಾರೆ, ಒಮ್ಮೆ ಅಳಿಸಿದರೆ ಮತ್ತೆ ಮೂಡುವ ಆ ಗೆರೆಯನ್ನು ವರ್ಷವರ್ಷವೂ ಅಳಿಸುತ್ತಲೇ ಇರಬೇಕು. ಈ ವರ್ಷದ ಮಳೆ ನಿಂತಾಗ ನಿಮ್ಮ ಊರಿನ ಕಿಂಡಿಗಳಿಗೆ ಹಲಗೆ ಇಡಲು ಯಾರು ಹೋಗುವರೆಂದು ಇಂದೇ ನಿಶ್ಚಯಿಸಿಕೊಳ್ಳಿರಿ. ಮುಂದಿನ ವರ್ಷ ಯಾರೆಂಬುದನ್ನೂ ನಿಶ್ಚಯಿಸಿಕೊಳ್ಳಿರಿ.